ಔಷಧದಾನದ ಲೆಕ್ಕದಲ್ಲಿ ಸಂಬಳದ ಸಾಲು ಎಲ್ಲಿದೆ?

2025ರ ಆಗಸ್ಟ್ ಮೊದಲ ವಾರದಲ್ಲಿ ದಾದರ್ ಪಶ್ಚಿಮದ ಕಬೂತರ್‌ಖಾನಾಕ್ಕೆ ಮುಂಬಯಿ ಮಹಾನಗರಪಾಲಿಕೆ ತಾಡಪಾಲು ಹೊದಿಸಿತು. ಪಾರಿವಾಳಗಳ ಹಿಕ್ಕೆ ಮತ್ತು ಗರಿಗಳ ಧೂಳು ಶ್ವಾಸಕೋಶಕ್ಕೆ ಕೇಡು ತರುತ್ತದೆ ಎಂಬ ಕಾರಣ ಮುಂದಿತ್ತು; ಸಾರ್ವಜನಿಕ ಆರೋಗ್ಯವೇ ಮುಖ್ಯವೆಂದು ಬಾಂಬೆ ಉಚ್ಚ ನ್ಯಾಯಾಲಯವೂ ಹೇಳಿತ್ತು. ಆಗಸ್ಟ್ 6ರಂದು ಜೈನ ಸಮಾಜದವರೂ ಸೇರಿದ್ದ ಜನಸಮೂಹ ಆ ತಾಡಪಾಲನ್ನು ಹರಿದು ಕಿತ್ತುಹಾಕಿತು. ಮರುದಿನ ನ್ಯಾಯಾಲಯವು ವಿಷಯದ ಪರಿಶೀಲನೆಗೆ ತಜ್ಞರ ಸಮಿತಿ ಬೇಕೆಂಬ ಮಾತನ್ನಾಡಿತು. ಆಗಸ್ಟ್ 11ರಂದು ಸರ್ವೋಚ್ಚ ನ್ಯಾಯಾಲಯ ಮಧ್ಯೆ ಪ್ರವೇಶಿಸಲು ಒಪ್ಪಲಿಲ್ಲ.

ಆ ದಿನಗಳಲ್ಲಿ ಸಮಾಜದ ಪರವಾಗಿ ಮಾತನಾಡಲು ಮುನಿಗಳಿದ್ದರು, ವಕೀಲರಿದ್ದರು, ವ್ಯಾಪಾರಿಗಳಿದ್ದರು. ಸುತ್ತಲಿನ ಕಟ್ಟಡಗಳ ಮನೆಮನೆಗೆ ಹೋಗಿ ದೀರ್ಘಕಾಲದ ಕೆಮ್ಮು ಎಷ್ಟು ಮಂದಿಗಿದೆ, ಯಾವ ವಯಸ್ಸಿನವರಿಗಿದೆ, ದೂರದ ಬೀದಿಗಳೊಡನೆ ಹೋಲಿಸಿದರೆ ವ್ಯತ್ಯಾಸವೆಷ್ಟು ಎಂದು ಎಣಿಸಿ, ಆ ಲೆಕ್ಕವನ್ನು ಸಮಾಜಕ್ಕೆ ಸಮಾಜದ ಭಾಷೆಯಲ್ಲೇ ತಿಳಿಸಬಲ್ಲ ಒಬ್ಬರು ಮುಂದೆ ನಿಂತಿದ್ದರೆ ವಾದದ ಸ್ವರೂಪವೇ ಬೇರೆಯಾಗುತ್ತಿತ್ತು. ಈ ಕೆಲಸಕ್ಕೆ ಒಂದು ವಿದ್ಯೆಯಿದೆ. ಅದರ ಹೆಸರು ಸಾರ್ವಜನಿಕ ಆರೋಗ್ಯ. ಅದರಲ್ಲಿ ಸ್ನಾತಕೋತ್ತರ ಪದವಿ ಪಡೆಯುವ ತರುಣ ತರುಣಿಯರೂ ಇದ್ದಾರೆ. ದಾದರ್‌ನಿಂದ ಒಂದು ಗಂಟೆಯೊಳಗೆ ತಲುಪಬಹುದಾದ ದೇವನಾರ್‌ನಲ್ಲಿ ಟಾಟಾ ಸಮಾಜವಿಜ್ಞಾನ ಸಂಸ್ಥೆ ಆ ಪದವಿಯನ್ನು ನೀಡುತ್ತದೆ. ಪ್ರಶ್ನೆಯೆಂದರೆ, ಪದವಿ ಪಡೆದ ಮೇಲೆ ಅವರು ಯಾವ ಉದ್ಯೋಗವನ್ನು ಆರಿಸಿಕೊಳ್ಳುತ್ತಾರೆ, ಏಕೆ ಆರಿಸಿಕೊಳ್ಳುತ್ತಾರೆ ಎಂಬುದು.

ಈ ಪ್ರಶ್ನೆಗೆ ಹಿರಿಯರ ಸಭೆಗಳಲ್ಲಿ ಸಿದ್ಧವಾದ ಉತ್ತರವೊಂದಿದೆ. ‘ಈಗಿನ ಮಕ್ಕಳಿಗೆ ಸೇವಾಭಾವವಿಲ್ಲ, ಎಲ್ಲರಿಗೂ ದೊಡ್ಡ ಆಸ್ಪತ್ರೆಯ ತಂಪು ಕೋಣೆ ಬೇಕು, ಇಲ್ಲವೇ ಪರದೇಶ ಬೇಕು’ ಎಂಬುದೇ ಆ ಉತ್ತರ. ಹೇಳಲು ಸುಲಭವಾದ ಈ ಮಾತು ಸತ್ಯಕ್ಕೆ ದೂರ. ಪದವೀಧರರ ಆಯ್ಕೆಯನ್ನು ರೂಪಿಸುವುದು ಹುದ್ದೆಗಳ ಕರಾರು. ಆ ಕರಾರನ್ನು ಬರೆಯುವವರಲ್ಲಿ ಸರ್ಕಾರವೊಂದು ಕಡೆಯಾದರೆ, ದಾನ ಕೊಡುವ ಸಮಾಜ ಇನ್ನೊಂದು ಕಡೆ. ಮಕ್ಕಳನ್ನು ದೂರುವ ಮೊದಲು ಆ ಕರಾರನ್ನೊಮ್ಮೆ ಓದುವುದು ನ್ಯಾಯ.

ಭಾರತದಲ್ಲಿ ಈ ವಿದ್ಯೆಯ ಇತಿಹಾಸ ಚಿಕ್ಕದಲ್ಲ. 1932ರಲ್ಲಿಯೇ ಕಲ್ಕತ್ತೆಯಲ್ಲಿ ಅಖಿಲ ಭಾರತ ಆರೋಗ್ಯ ಮತ್ತು ಸಾರ್ವಜನಿಕ ಆರೋಗ್ಯ ಸಂಸ್ಥೆ ಸ್ಥಾಪನೆಯಾಯಿತು. ಆದರೆ ಬಹುಕಾಲ ಇದು ವೈದ್ಯರಿಗೆ ಮಾತ್ರ ಮೀಸಲಾದ ಶಾಖೆಯಂತಿತ್ತು. 1997ರಲ್ಲಿ ತಿರುವನಂತಪುರದ ಅಚ್ಯುತ ಮೆನನ್ ಕೇಂದ್ರದಲ್ಲಿ ಎಂ.ಪಿ.ಎಚ್. ಪದವಿ ಆರಂಭವಾಯಿತು. 2005ರಲ್ಲಿ ರಾಷ್ಟ್ರೀಯ ಗ್ರಾಮೀಣ ಆರೋಗ್ಯ ಅಭಿಯಾನ, 2006ರಲ್ಲಿ ಪಬ್ಲಿಕ್ ಹೆಲ್ತ್ ಫೌಂಡೇಶನ್ ಆಫ್ ಇಂಡಿಯಾ ಬಂದ ಮೇಲೆ ದೇಶದುದ್ದಕ್ಕೂ ಇಂಥ ತರಗತಿಗಳು ತೆರೆದವು. ದಂತವೈದ್ಯರು, ಆಯುರ್ವೇದ ಪದವೀಧರರು, ನರ್ಸುಗಳು, ಸಮಾಜಕಾರ್ಯ ಮತ್ತು ಸಂಖ್ಯಾಶಾಸ್ತ್ರ ಓದಿದವರು ಕೂಡ ಈ ಬಾಗಿಲಿನಿಂದ ಒಳಬಂದರು. ಬಾಗಿಲು ಅಗಲವಾಯಿತಾದರೂ, ಓದು ಮುಗಿದ ಮೇಲೆ ಹೊರಹೋಗುವ ದಾರಿಗಳು ಅಷ್ಟೇ ಅಗಲವಾಗಲಿಲ್ಲ. ಸರ್ಕಾರಿ ಆರೋಗ್ಯಾಧಿಕಾರಿ ಹುದ್ದೆಗಳಲ್ಲಿ ಬಹುಪಾಲು ಇಂದಿಗೂ ಎಂ.ಬಿ.ಬಿ.ಎಸ್. ಆದವರಿಗೆ ಮೀಸಲು. ಉಳಿದವರಿಗೆ ಸಿಗುವುದು ಸಲಹೆಗಾರ, ಸಂಯೋಜಕ, ಕಾರ್ಯಕ್ರಮ ಸಹಾಯಕ ಎಂಬ ಹೆಸರುಗಳು, ಬಹುಮಟ್ಟಿಗೆ ಗುತ್ತಿಗೆಯ ಮೇಲೆ.

ಹೀಗಾಗಿ ಪದವೀಧರರ ಮುಂದೆ ಎರಡು ಬಗೆಯ ದಾರಿಗಳು ಉಳಿಯುತ್ತವೆ. ಖಾಸಗಿ ಆಸ್ಪತ್ರೆಯ ಗುಣಮಟ್ಟ ವಿಭಾಗ, ವಿಮಾ ಕಂಪನಿ, ಔಷಧ ಕಂಪನಿಯ ಸಂಶೋಧನಾ ವಿಭಾಗ, ಸಲಹಾ ಸಂಸ್ಥೆ, ವಿದೇಶದ ವಿಶ್ವವಿದ್ಯಾಲಯ ಇವು ಒಂದು ಕಡೆ. ನಗರಪಾಲಿಕೆ, ಜಿಲ್ಲಾ ಆರೋಗ್ಯ ಕಚೇರಿ, ಬಡವರ ಬಸ್ತಿಗಳಲ್ಲಿ ದುಡಿಯುವ ಸ್ವಯಂಸೇವಾ ಸಂಸ್ಥೆ ಇವು ಇನ್ನೊಂದು ಕಡೆ. ಎರಡನೆಯ ಕಡೆಗೆ ಹೋಗಲು ಮನಸ್ಸಿರುವವರು ಕಡಿಮೆಯೇನಲ್ಲ. ಹೋದವರು ಉಳಿಯುವುದು ಕಷ್ಟ.

ಇಂಥ ಆಯ್ಕೆಗಳನ್ನು ಅಳೆಯಲು ಸಂಶೋಧಕರಲ್ಲಿ ಒಂದು ವಿಧಾನವಿದೆ. ‘ನಿಮಗೆ ಸೇವೆ ಇಷ್ಟವೇ?’ ಎಂದು ಕೇಳಿದರೆ ಎಲ್ಲರೂ ಹೌದೆನ್ನುತ್ತಾರೆ. ಆದ್ದರಿಂದ ಹಾಗೆ ಕೇಳದೆ, ಸಂಬಳ, ಊರು, ಅವಧಿ, ಮುಂದಿನ ಓದಿನ ಅವಕಾಶ ಇವುಗಳಲ್ಲಿ ಪರಸ್ಪರ ಬೇರೆಯಾಗಿರುವ ಎರಡು ಕಾಲ್ಪನಿಕ ಹುದ್ದೆಗಳನ್ನು ಮುಂದಿಟ್ಟು ಒಂದನ್ನು ಆರಿಸಲು ಹೇಳುತ್ತಾರೆ. ಅನೇಕ ಜೋಡಿಗಳ ಆಯ್ಕೆಯಿಂದ ಯಾವ ಅಂಶಕ್ಕೆ ಎಷ್ಟು ತೂಕವೆಂದು ಲೆಕ್ಕ ಹಾಕುತ್ತಾರೆ. ಉತ್ತರಾಖಂಡ ಮತ್ತು ಆಂಧ್ರಪ್ರದೇಶಗಳ ವೈದ್ಯ ಹಾಗೂ ನರ್ಸಿಂಗ್ ವಿದ್ಯಾರ್ಥಿಗಳು ಮತ್ತು ಸೇವೆಯಲ್ಲಿದ್ದವರ ನಡುವೆ ಈ ವಿಧಾನದಲ್ಲಿ ನಡೆದ ಅಧ್ಯಯನವೊಂದು 2013ರಲ್ಲಿ ಪ್ರಕಟವಾಯಿತು. ವೈದ್ಯ ವಿದ್ಯಾರ್ಥಿಗಳನ್ನು ಹಳ್ಳಿಗೆ ಕಳಿಸಲು ಸಂಬಳವೊಂದನ್ನೇ ಏರಿಸಿದರೆ ಫಲ ಕಡಿಮೆ. ಉನ್ನತ ವ್ಯಾಸಂಗದಲ್ಲಿ ಸ್ಥಾನ ಸುಲಭವಾಗುವುದಾದರೆ ಅವರ ಮನಸ್ಸು ಹೆಚ್ಚು ಬದಲಾಗುತ್ತದೆ ಎಂದು ಅದು ತೋರಿಸಿತು. ನರ್ಸಿಂಗ್ ವಿದ್ಯಾರ್ಥಿಗಳು ಹಳ್ಳಿಯ ಹುದ್ದೆಗೆ ಅವರಿಗಿಂತ ಹೆಚ್ಚು ಒಲವು ತೋರಿದರು. ಜನರು ಹಣವೊಂದನ್ನೇ ನೋಡುವುದಿಲ್ಲ, ಮುಂದಿನ ಹತ್ತು ವರ್ಷದ ಬದುಕನ್ನು ನೋಡುತ್ತಾರೆ. ಶ್ರೀಮಂತ ರಾಷ್ಟ್ರವಾದ ಅಮೆರಿಕದಲ್ಲಿಯೂ ಸಾರ್ವಜನಿಕ ಆರೋಗ್ಯದ ಪದವಿ ಮುಗಿಸಿ ಕೆಲಸಕ್ಕೆ ಸೇರುವವರಲ್ಲಿ ಸರ್ಕಾರದ ಕಡೆ ಹೋಗುವವರು ಐದರಲ್ಲಿ ಒಂದು ಪಾಲಿಗಿಂತ ಕಡಿಮೆ ಎಂದು ಅಲ್ಲಿನ ಅಂಕಿಗಳು ಹೇಳುತ್ತವೆ.

ದಾದರ್‌ನ ಹಳೆಯ ಕಟ್ಟಡವೊಂದರ ಎರಡು ಕೋಣೆಯ ಮನೆಯಲ್ಲಿ ಬೆಳೆದ, ಬೆಳಗಾವಿ ಅಥವಾ ಕಾರ್ಕಳದ ಕಡೆಯಿಂದ ಬಂದ ಜೈನ ಕುಟುಂಬದ ಮಗಳೊಬ್ಬಳನ್ನು ಊಹಿಸಿಕೊಳ್ಳಬಹುದು. ಎಂ.ಪಿ.ಎಚ್. ಮುಗಿಸಿದ್ದಾಳೆ. ಧಾರಾವಿಯಲ್ಲಿ ಕ್ಷಯರೋಗದ ಕೆಲಸ ಮಾಡುವ ಸಂಸ್ಥೆಯೊಂದು ಅವಳನ್ನು ಕರೆದಿದೆ. ಕೈಗೆ ಬಂದ ಪತ್ರದಲ್ಲಿ ‘ನೇಮಕಾತಿ’ ಎಂಬ ಪದವಿಲ್ಲ. ‘ಹನ್ನೊಂದು ತಿಂಗಳ ಸಲಹೆಗಾರ್ತಿ’ ಎಂದಿದೆ. ತಿಂಗಳ ಹಣದಲ್ಲಿ ವೃತ್ತಿಪರ ಶುಲ್ಕವೆಂದು ಶೇ. 10ರಷ್ಟು ಟಿಡಿಎಸ್ ಕಡಿತ. ಭವಿಷ್ಯನಿಧಿ ಇಲ್ಲ, ಗ್ರಾಚ್ಯುಯಿಟಿ ಇಲ್ಲ. ಕಾನೂನು ಉದ್ಯೋಗಿಗೆ ಕೊಡಮಾಡಿರುವ 26 ವಾರಗಳ ಹೆರಿಗೆ ರಜೆಯೂ ಅವಳಿಗಿಲ್ಲ, ಏಕೆಂದರೆ ಕಾಗದದ ಮೇಲೆ ಅವಳು ಉದ್ಯೋಗಿಯೇ ಅಲ್ಲ. ಗೃಹಸಾಲಕ್ಕೆ ಬ್ಯಾಂಕಿಗೆ ಹೋದರೆ ಸಂಬಳದ ಚೀಟಿಯಿಲ್ಲದವಳೆಂದು ಎರಡು ಮೂರು ವರ್ಷದ ತೆರಿಗೆ ವಿವರಪತ್ರಗಳನ್ನು ಕೇಳುತ್ತಾರೆ. ಮನೆಗೆ ಬಂದ ಸೋದರಮಾವ ‘ಇನ್ನೂ ಕಾಂಟ್ರ್ಯಾಕ್ಟೇ ಏನಮ್ಮಾ?’ ಎನ್ನುತ್ತಾನೆ. ವಧೂವರರ ಮಾಹಿತಿಪತ್ರದಲ್ಲಿ ಎಂ.ಪಿ.ಎಚ್. ಎಂದು ಬರೆದರೆ ‘ಡಾಕ್ಟರಲ್ಲ, ಹಾಗಾದರೆ ಏನು?’ ಎಂದು ಬೀಗರಾಗಬೇಕಾದವರು ಕೇಳುತ್ತಾರೆ. ಅದೇ ವಾರ ವಿಮಾ ಕಂಪನಿಯೊಂದು ಕಾಯಂ ಹುದ್ದೆ ಕೊಟ್ಟರೆ ಅವಳು ಅತ್ತ ಹೋಗುವುದನ್ನು ಲೋಭವೆನ್ನುವುದು ಯಾವ ಧರ್ಮದ ಮಾತು?

ಸರ್ಕಾರದ ಪಾಲಿನ ತಪ್ಪನ್ನು ಮುಚ್ಚಿಡಬೇಕಾಗಿಲ್ಲ. 2017ರ ರಾಷ್ಟ್ರೀಯ ಆರೋಗ್ಯ ನೀತಿ ಎಲ್ಲ ರಾಜ್ಯಗಳಲ್ಲಿಯೂ ಸಾರ್ವಜನಿಕ ಆರೋಗ್ಯ ನಿರ್ವಹಣೆಗೆ ಪ್ರತ್ಯೇಕ ಸೇವಾವರ್ಗ ಬೇಕೆಂದಿತು. 2025ರ ಹೊತ್ತಿಗೆ ಸರ್ಕಾರಿ ಆರೋಗ್ಯ ವೆಚ್ಚ ರಾಷ್ಟ್ರೀಯ ಉತ್ಪನ್ನದ ಶೇ. 2.5ಕ್ಕೆ ಏರಬೇಕೆಂದಿತು. 2022ರಲ್ಲಿ ಕೇಂದ್ರ ಆರೋಗ್ಯ ಸಚಿವಾಲಯ ಆ ಸೇವಾವರ್ಗದ ಮಾರ್ಗದರ್ಶಿಯನ್ನೂ ಹೊರಡಿಸಿತು. ತಮಿಳುನಾಡಿನಲ್ಲಿ 1939ರಿಂದಲೇ ಸಾರ್ವಜನಿಕ ಆರೋಗ್ಯ ಕಾಯಿದೆಯಿದೆ, ಪ್ರತ್ಯೇಕ ಸೇವಾವರ್ಗವಿದೆ. ಅಲ್ಲಿ ಈ ಕ್ಷೇತ್ರ ಆರಿಸಿಕೊಂಡವರಿಗೆ ಮೇಲೇರಲು ಮೆಟ್ಟಿಲುಗಳಿವೆ. ಮಹಾರಾಷ್ಟ್ರದಲ್ಲಿ ರಾಷ್ಟ್ರೀಯ ಆರೋಗ್ಯ ಅಭಿಯಾನದ ಗುತ್ತಿಗೆ ನೌಕರರು ಕಾಯಂ ಆಗಬೇಕೆಂದು 2023ರಲ್ಲಿ ಮುಷ್ಕರ ಹೂಡಿದರು. 2025ರಲ್ಲಿ ಮತ್ತೆ ಹೂಡಿದರು. ಮುಂಬಯಿ ಮಹಾನಗರಪಾಲಿಕೆಯ 2025-26ರ ಮುಂಗಡಪತ್ರ 74 ಸಾವಿರ ಕೋಟಿ ರೂಪಾಯಿಗೂ ಮಿಗಿಲಾದದ್ದು. ಅದರ ಸುಮಾರು ಹತ್ತನೆಯ ಒಂದು ಪಾಲು ಆರೋಗ್ಯಕ್ಕೆ. ಇಷ್ಟು ಶ್ರೀಮಂತ ನಗರದಲ್ಲಿ ಮನೆಮನೆಗೆ ಹೋಗುವ ಆರೋಗ್ಯ ಸೇವಿಕೆಯರು ಸಂಬಳದ ಬದಲು ‘ಮಾನಧನ’ದ ಮೇಲೆ ದುಡಿಯುತ್ತಾರೆ.

ವಿದ್ಯೆ ಕಲಿಸುವ ಸಂಸ್ಥೆಗಳೂ ಇದೇ ದಾರದಲ್ಲಿ ತೂಗುತ್ತಿವೆ. 2024ರ ಜೂನ್ ಕೊನೆಯಲ್ಲಿ ಟಾಟಾ ಸಮಾಜವಿಜ್ಞಾನ ಸಂಸ್ಥೆ ತನ್ನ ವಿವಿಧ ಕೇಂದ್ರಗಳ 55 ಅಧ್ಯಾಪಕರಿಗೂ ಸುಮಾರು 60 ಮಂದಿ ಇತರ ಸಿಬ್ಬಂದಿಗೂ ಸೇವೆ ಮುಗಿಯಿತೆಂಬ ಪತ್ರ ಕೊಟ್ಟಿತು. ಟ್ರಸ್ಟೊಂದರ ಅನುದಾನದ ಮೇಲೆ ಅವರ ಹುದ್ದೆಗಳು ನಿಂತಿದ್ದವು, ಅನುದಾನ ಬಂದಿರಲಿಲ್ಲ. ಕೆಲವೇ ದಿನಗಳಲ್ಲಿ ಹಣದ ಭರವಸೆ ಬಂದು ಆ ಪತ್ರಗಳನ್ನು ಹಿಂತೆಗೆದುಕೊಳ್ಳಲಾಯಿತು. ಆದರೆ ಅಲ್ಲಿನ ವಿದ್ಯಾರ್ಥಿಗಳು ಆ ವಾರ ಕಲಿತ ಪಾಠ ಯಾವ ಪಠ್ಯಕ್ರಮದಲ್ಲಿಯೂ ಇಲ್ಲದ್ದು. ಕಲಿಸುವ ಗುರುಗಳ ಹುದ್ದೆಯೇ ಅನುದಾನದ ಪತ್ರಕ್ಕೆ ಕಾಯುತ್ತಿರುವಾಗ ಶಿಷ್ಯರು ಕಾಯಂ ಕೆಲಸದತ್ತ ನೋಡಿದರೆ ಆಶ್ಚರ್ಯವಿಲ್ಲ.

ಸಾರ್ವಜನಿಕ ಆರೋಗ್ಯದ ಬೆಲೆ ಎಷ್ಟೆಂಬುದು ಬೇರೆ ಊರಿನವರಿಗಿಂತ ದಾದರ್‌ನವರಿಗೆ ಚೆನ್ನಾಗಿ ತಿಳಿದಿರಬೇಕು, ಏಕೆಂದರೆ ಇಂದಿನ ದಾದರ್‌ನ ರೂಪವೇ ಅದರ ಫಲ. 1896ರ ಸೆಪ್ಟೆಂಬರ್‌ನಲ್ಲಿ ಮಾಂಡ್ವಿಯ ಧಾನ್ಯದ ಗೋದಾಮುಗಳ ಪ್ರದೇಶದಲ್ಲಿ ಡಾ. ಅಕಾಸಿಯೋ ವಿಯೇಗಸ್ ಪ್ಲೇಗನ್ನು ಗುರುತಿಸಿದರು. ಹಾಫ್ಕಿನ್ ಮುಂಬಯಿಗೆ ಬಂದು ಲಸಿಕೆ ಸಿದ್ಧಪಡಿಸಿ 1897ರ ಜನವರಿಯಲ್ಲಿ ಮೊದಲು ತಮ್ಮ ಮೈಮೇಲೆಯೇ ಪ್ರಯೋಗಿಸಿಕೊಂಡರು. 1898ರಲ್ಲಿ ಬಾಂಬೆ ನಗರ ಸುಧಾರಣಾ ಟ್ರಸ್ಟ್ ರಚನೆಯಾಯಿತು. ಗಾಳಿ ಬೆಳಕಿಲ್ಲದ ಕಿಕ್ಕಿರಿದ ಓಣಿಗಳಿಂದ ಜನರನ್ನು ಹೊರತರಲು ಅದು ದಾದರ್-ಮಾಟುಂಗಾದ ಬಯಲಿನಲ್ಲಿ ಅಗಲವಾದ ರಸ್ತೆ, ಚರಂಡಿ, ಉದ್ಯಾನಗಳ ಬಡಾವಣೆಗಳನ್ನು ಯೋಜಿಸಿತು. ಹಿಂದೂ ಕಾಲನಿ, ಪಾರ್ಸಿ ಕಾಲನಿಗಳು ಎದ್ದದ್ದು ಆ ಯೋಜನೆಯಿಂದ. ಅದೇ ನೆರೆಯಲ್ಲಿ ಮೈಸೂರು ಅಸೋಸಿಯೇಷನ್, ಕರ್ನಾಟಕ ಸಂಘಗಳಂಥ ಕನ್ನಡಿಗರ ನೆಲೆಗಳೂ ಬೆಳೆದವು. ಸಾವಿನ ಲೆಕ್ಕ ಬರೆದುಕೊಂಡ, ಚರಂಡಿಯ ಇಳಿಜಾರು ಅಳೆದ ನೌಕರರಿಲ್ಲದೆ ಆ ಅಗಲ ರಸ್ತೆಗಳು ಆಗುತ್ತಿರಲಿಲ್ಲ.

2020ರಲ್ಲಿ ಅದೇ ಪಾಠ ಮತ್ತೆ ಬಂತು. ಏಪ್ರಿಲ್ 1ರಂದು ಧಾರಾವಿಯಲ್ಲಿ ಮೊದಲ ಕೋವಿಡ್ ರೋಗಿ ಪತ್ತೆಯಾದಾಗ, ದಾದರ್‌ನಲ್ಲಿರುವ ಜಿ-ಉತ್ತರ ವಾರ್ಡ್ ಕಚೇರಿಯ ಮೇಲೆ ಧಾರಾವಿ, ಮಾಹಿಮ್, ದಾದರ್ ಮೂರರ ಹೊಣೆಯಿತ್ತು. ರೋಗ ಬಂದವರಿಗೆ ಕಾಯದೆ ರೋಗವನ್ನು ಹುಡುಕಿ ಹೋಗುವ ಕ್ರಮದಿಂದ ಅಲ್ಲಿ ಸೋಂಕು ಹಿಡಿತಕ್ಕೆ ಬಂದದ್ದನ್ನು ಜುಲೈ 10ರಂದು ವಿಶ್ವ ಆರೋಗ್ಯ ಸಂಸ್ಥೆಯ ಮುಖ್ಯಸ್ಥರು ಹೆಸರಿಸಿ ಹೊಗಳಿದರು. ಆ ಕೆಲಸವನ್ನು ಮಾಡಿದ್ದು ಕಾಲ್ನಡಿಗೆಯಲ್ಲಿ ಓಣಿ ಸುತ್ತಿದ ಸಾವಿರಾರು ಕಾಲುಗಳು. ಚಪ್ಪಾಳೆ ತಟ್ಟಿದ ನಗರ ಆ ಕಾಲುಗಳಿಗೆ ಕಾಯಂ ಹುದ್ದೆಯ ಮಾತು ಬಂದಾಗ ಮೌನವಾಯಿತು.

ಇನ್ನು ಸಮಾಜದ ಪಾಲು. ಆಹಾರ, ಔಷಧ, ಶಾಸ್ತ್ರ, ಅಭಯ ಎಂಬ ಚತುರ್ವಿಧ ದಾನಗಳಲ್ಲಿ ಔಷಧದಾನಕ್ಕೆ ಜೈನರಷ್ಟು ಹಣ ಕೊಟ್ಟವರು ವಿರಳ. ಮುಂಬಯಿಯಲ್ಲಿ ಆಸ್ಪತ್ರೆಯ ಕಟ್ಟಡ, ಡಯಾಲಿಸಿಸ್ ಯಂತ್ರ, ಆಂಬುಲೆನ್ಸ್, ಕಣ್ಣಿನ ಶಿಬಿರ ಎಲ್ಲೆಡೆಯೂ ದಾನಿಗಳ ಹೆಸರಿನ ಅಮೃತಶಿಲೆಯ ಫಲಕಗಳಿವೆ. ಆದರೆ ಟ್ರಸ್ಟುಗಳ ಆಯವ್ಯಯ ಪಟ್ಟಿಯನ್ನು ಬಿಡಿಸಿ ನೋಡಿದರೆ ಒಂದು ರೂಢಿ ಎದ್ದು ಕಾಣುತ್ತದೆ. ಗೋಡೆಗೆ ಕೊಟ್ಟ ಹಣ ದಾನ, ಯಂತ್ರಕ್ಕೆ ಕೊಟ್ಟ ಹಣ ದಾನ. ಮನುಷ್ಯನಿಗೆ ಕೊಟ್ಟ ಸಂಬಳ ಮಾತ್ರ ‘ಆಡಳಿತ ವೆಚ್ಚ’. ಸಭೆಯಲ್ಲಿ ಯಾರಾದರೊಬ್ಬರು ಎದ್ದುನಿಂತು ‘ಸಂಬಳಕ್ಕೆ ಇಷ್ಟೇಕೆ?’ ಎಂದು ಕೇಳಿದರೆ ಟ್ರಸ್ಟಿಗಳು ತಪ್ಪಿತಸ್ಥರಂತೆ ತಲೆ ತಗ್ಗಿಸುತ್ತಾರೆ.

ಕಾನೂನು ಇಷ್ಟು ಕಠಿಣವಾಗಿಲ್ಲ. 2013ರ ಕಂಪನಿ ಕಾಯಿದೆಯ 135ನೆಯ ಕಲಮಿನ ಪ್ರಕಾರ ದೊಡ್ಡ ಕಂಪನಿಗಳು ಲಾಭದ ಶೇ. 2ರಷ್ಟನ್ನು ಸಾಮಾಜಿಕ ಹೊಣೆಗೆ ವೆಚ್ಚ ಮಾಡಬೇಕು. ರೋಗತಡೆಯ ಆರೋಗ್ಯಸೇವೆ ಅದರ ಪಟ್ಟಿಯಲ್ಲಿ ಸ್ಪಷ್ಟವಾಗಿದೆ. ಆಡಳಿತ ವೆಚ್ಚ ಶೇ. 5ನ್ನು ಮೀರಬಾರದೆಂಬ ನಿಯಮವೂ ಇದೆ. ಆದರೆ ಆ ಮಿತಿ ಕಂಪನಿಯ ಸಾಮಾನ್ಯ ನಿರ್ವಹಣೆಯ ಖರ್ಚಿಗೆ ಮಾತ್ರ. ನಿರ್ದಿಷ್ಟ ಯೋಜನೆಯನ್ನು ರೂಪಿಸಿ, ನಡೆಸಿ, ಮೌಲ್ಯಮಾಪನ ಮಾಡಲು ನೇರವಾಗಿ ತಗಲುವ ವೆಚ್ಚ ಅದರೊಳಗೆ ಬರುವುದಿಲ್ಲ. ಓಣಿಯಲ್ಲಿ ರೋಗಿಗಳನ್ನು ಹುಡುಕುವವಳ ಸಂಬಳ ಯೋಜನೆಯ ವೆಚ್ಚವೇ. ನಿಯಮದಲ್ಲಿಲ್ಲದ ಈ ಹೆದರಿಕೆಯನ್ನು ಸಮಾಜದ ಟ್ರಸ್ಟುಗಳು ರೂಢಿಯಿಂದ ಹೊತ್ತುಕೊಂಡಿವೆ. ನಿಜವಾದ ತೊಡಕು ಬೇರೆಡೆಯಿದೆ. ಕಂಪನಿಯ ‘ಮುಂದುವರಿಯುವ ಯೋಜನೆ’ ಆರಂಭದ ವರ್ಷವನ್ನು ಬಿಟ್ಟು ಮೂರು ವರ್ಷಕ್ಕಿಂತ ಹೆಚ್ಚು ನಡೆಯುವಂತಿಲ್ಲ. ಕ್ಷಯರೋಗ ಮೂರು ವರ್ಷದಲ್ಲಿ ಊರು ಬಿಡುವುದಿಲ್ಲ, ನೌಕರಿ ಮಾತ್ರ ಬಿಡುತ್ತದೆ. ಈ ಅವಧಿಯ ಕಟ್ಟಿಲ್ಲದ ಹಣ ಸಮಾಜದ ಧರ್ಮಾರ್ಥ ಟ್ರಸ್ಟುಗಳಲ್ಲಿದೆ.

ಲೆಕ್ಕಕ್ಕಾಗಿ ಎರಡು ಕೋಟಿ ರೂಪಾಯಿಯ ಮೂಲನಿಧಿಯೊಂದನ್ನು ಊಹಿಸಬಹುದು. ಮುಂಬಯಿಯಲ್ಲಿ ಒಂದು ಸಾಧಾರಣ ಫ್ಲ್ಯಾಟಿನ ಬೆಲೆ. ಕಾನೂನು ಒಪ್ಪುವ ಸುರಕ್ಷಿತ ಹೂಡಿಕೆಯಲ್ಲಿಟ್ಟು ಶೇ. 7 ಬಡ್ಡಿ ಬಂದರೆ ವರ್ಷಕ್ಕೆ 14 ಲಕ್ಷ. ಆದಾಯದ ಶೇ. 85ರಷ್ಟನ್ನಾದರೂ ಧರ್ಮಾರ್ಥ ಕಾರ್ಯಕ್ಕೆ ವಿನಿಯೋಗಿಸಬೇಕೆಂಬುದು ತೆರಿಗೆಯ ನಿಯಮ. ಅಂದರೆ 11 ಲಕ್ಷದ 90 ಸಾವಿರ. 12 ಲಕ್ಷ ವಿನಿಯೋಗಿಸಿದರೆ, ಭವಿಷ್ಯನಿಧಿಯ ಪಾಲೂ ಸೇರಿ ತಿಂಗಳಿಗೆ 50 ಸಾವಿರ ವೆಚ್ಚದ ಎರಡು ಹುದ್ದೆಗಳು ನಡೆಯುತ್ತವೆ. ಉಳಿದ ಎರಡು ಲಕ್ಷ ನಿಧಿಗೆ ಮರಳಿ ಸೇರಿ ಬೆಲೆಯೇರಿಕೆಯ ಪೆಟ್ಟನ್ನು ಅಷ್ಟಿಷ್ಟು ತಡೆಯುತ್ತದೆ. ಯಂತ್ರ ಹತ್ತು ವರ್ಷದಲ್ಲಿ ಹಳತಾಗಿ ಗುಜರಿಗೆ ಹೋಗುತ್ತದೆ; ಈ ಎರಡು ಹುದ್ದೆಗಳು ನಿಧಿಯಿರುವವರೆಗೆ ಇರುತ್ತವೆ. ದಾನಿಗೆ ಹೆಸರು ಬೇಕಾದರೆ ತಪ್ಪೇನಿಲ್ಲ. ವಿಶ್ವವಿದ್ಯಾಲಯಗಳಲ್ಲಿ ಪೀಠಗಳಿಗೆ ಹೆಸರಿಡುವಂತೆ ‘ಇಂಥವರ ಸ್ಮರಣಾರ್ಥ ಆರೋಗ್ಯಾಧಿಕಾರಿ’ ಎಂದು ಹುದ್ದೆಗೇ ಹೆಸರಿಡಬಹುದು. ಕರಾರು ಮಾತ್ರ ನೇರವಾಗಿರಬೇಕು: ಸಲಹೆಗಾರ್ತಿಯಲ್ಲ, ಉದ್ಯೋಗಿ, ಹನ್ನೊಂದು ತಿಂಗಳಲ್ಲ, ಕನಿಷ್ಠ ಐದು ವರ್ಷ.

ಇದು ಪರಂಪರೆಗೆ ಹೊಸದೇನಲ್ಲ. 1899ರಲ್ಲಿ ನಿಪ್ಪಾಣಿ ಬಳಿಯ ಸ್ತವನಿಧಿಯಲ್ಲಿ ದಕ್ಷಿಣ ಭಾರತ ಜೈನ ಸಭೆ ಹುಟ್ಟಿದಾಗ, ಕನ್ನಡ-ಮರಾಠಿ ಜೈನರ ಆ ಹಿರಿಯರು ಕೈಹಾಕಿದ್ದು ಹಳ್ಳಿಯ ಮಕ್ಕಳ ಓದಿಗೆ, ವಿದ್ಯಾರ್ಥಿನಿಲಯಗಳಿಗೆ. ಮುಂಬಯಿಯ ದಾನವೀರ ಶೇಠ್ ಮಾಣಿಕ್‌ಚಂದ್ ಹೀರಾಚಂದ್ ಜವೇರಿಯವರ ದಾನವೂ ಆ ದಿಕ್ಕಿನಲ್ಲಿ ಹರಿಯಿತು. ವಿದ್ಯಾರ್ಥಿನಿಲಯವೆಂದರೆ ಪ್ರತಿದಿನದ ಅಕ್ಕಿ, ಬೇಳೆ, ಅಡುಗೆಯವನ ಸಂಬಳ. ಎಂದಿಗೂ ಮುಗಿಯದ ಖರ್ಚು. ಆ ಖರ್ಚನ್ನು ವ್ಯರ್ಥವೆಂದು ಅಂದಿನವರು ಎಣಿಸಿದ್ದರೆ ಇಂದಿನ ವಿದ್ಯಾವಂತ ಸಮಾಜವೇ ಇರುತ್ತಿರಲಿಲ್ಲ. ಸಭೆಯ ನಾಯಕರಲ್ಲೊಬ್ಬರಾದ ಅಣ್ಣಾಸಾಹೇಬ ಲಠ್ಠೆಯವರು ಮುಂದೆ 1937ರಲ್ಲಿ ಮುಂಬಯಿ ಪ್ರಾಂತದ ಹಣಕಾಸು ಸಚಿವರಾದರು.

‘ಆರೋಗ್ಯ ಸರ್ಕಾರದ ಹೊಣೆ, ಸಮಾಜವೇಕೆ ಹೊರಬೇಕು?’ ಎಂಬ ಆಕ್ಷೇಪ ಬರುವುದು ಸಹಜ. ಹೊಣೆ ಸರ್ಕಾರದ್ದೇ. ಎರಡು ಹುದ್ದೆಗಳಿಂದ ಮುಂಬಯಿಯ ಕ್ಷಯ ಮಾಯವಾಗದು. ಆದರೆ ಕಾಯಂ ಹುದ್ದೆ ಕೊಟ್ಟರೆ ಒಳ್ಳೆಯವರು ಬರುತ್ತಾರೆ, ಬಂದವರು ಉಳಿಯುತ್ತಾರೆ ಎಂಬುದನ್ನು ನಡೆಸಿ ತೋರಿಸಿದ ಸಮಾಜಕ್ಕೆ, ಪಾಲಿಕೆಯ ಸದಸ್ಯರನ್ನೂ ಶಾಸಕರನ್ನೂ ನಿಲ್ಲಿಸಿ ‘2017ರ ನೀತಿಯ ಸೇವಾವರ್ಗ ಎಲ್ಲಿ?’ ಎಂದು ಕೇಳುವ ನೈತಿಕ ಬಲವಿರುತ್ತದೆ. ಪಾರಿವಾಳಗಳಿಗಾಗಿ ಬೀದಿಗಿಳಿಯುವಷ್ಟು ಒಗ್ಗಟ್ಟಿರುವ ಸಮಾಜ ಆರೋಗ್ಯ ಸೇವಿಕೆಯರ ಭವಿಷ್ಯನಿಧಿಗಾಗಿ ಒಂದು ಮನವಿಪತ್ರ ಬರೆದಿದ್ದರೆ ಅದರ ಅಹಿಂಸೆಯ ಮಾತಿಗೆ ನಗರದಲ್ಲಿ ಹೆಚ್ಚು ಕಿವಿಗಳು ಸಿಗುತ್ತಿದ್ದವು.

ಇನ್ನೊಂದು ಆಕ್ಷೇಪ, ‘ಕಾಯಂ ಮಾಡಿದರೂ ಅವರು ಬಿಟ್ಟು ಹೋಗುತ್ತಾರೆ’ ಎಂಬುದು. ಕೆಲವರು ಹೋಗುತ್ತಾರೆ, ವ್ಯಾಪಾರದ ಅಂಗಡಿಯಲ್ಲೂ ಎಲ್ಲ ಗುಮಾಸ್ತರು ಉಳಿಯುವುದಿಲ್ಲ. ಐದು ವರ್ಷ ದುಡಿದು ಹೋದವಳು ಒಂದು ವಾರ್ಡಿನ ಐದು ವರ್ಷದ ದಾಖಲೆಯನ್ನು ಬಿಟ್ಟು ಹೋಗುತ್ತಾಳೆ. ಹನ್ನೊಂದು ತಿಂಗಳಿಗೆ ಹೋದವಳು ಓಣಿಗಳ ಹೆಸರು ಕಲಿಯುವಷ್ಟರಲ್ಲಿ ಹೋಗಿರುತ್ತಾಳೆ.

ಆರು ಅಂತರಂಗ ತಪಸ್ಸುಗಳಲ್ಲಿ ವೈಯಾವೃತ್ತ್ಯವೂ ಒಂದು. ರೋಗಿಗಳ, ಅಶಕ್ತರ ಶುಶ್ರೂಷೆಯನ್ನು ಧರ್ಮ ತಪಸ್ಸೆಂದೇ ಎಣಿಸಿದೆ. ಆದರೆ ತಪಸ್ಸು ಮಾಡುವ ಮುನಿಗೂ ಆಹಾರ ಕೊಡುವ ಶ್ರಾವಕನಿದ್ದಾನೆ. ಇಪ್ಪತ್ತೈದರ ತರುಣಿಗೆ ಉಪದೇಶ ಮಾತ್ರ ಕೊಟ್ಟು, ಬಾಡಿಗೆ, ಹೆರಿಗೆ, ಮುಪ್ಪು ಎಲ್ಲವನ್ನೂ ಅವಳೇ ನೋಡಿಕೊಳ್ಳಲಿ ಎನ್ನುವುದು ಶ್ರಾವಕಧರ್ಮವಲ್ಲ. ಈ ವರ್ಷದ ಪರ್ಯುಷಣದಲ್ಲೋ ದಶಲಕ್ಷಣ ಪರ್ವದಲ್ಲೋ ದಾನದ ಘೋಷಣೆಗಳಾಗುವಾಗ ಯಾವುದಾದರೊಂದು ಟ್ರಸ್ಟಿನ ಪಟ್ಟಿಯಲ್ಲಿ ಕಟ್ಟಡ, ಯಂತ್ರಗಳ ಕೆಳಗೆ ‘ಎರಡು ಹುದ್ದೆ, ಐದು ವರ್ಷ’ ಎಂಬ ಸಾಲು ಕಾಣಿಸಿದರೆ ಸಾಕು. ಮುಂದಿನ ಬಾರಿ ಕಬೂತರ್‌ಖಾನಾದ ಮುಂದೆ ಜನ ಸೇರುವ ಮೊದಲೇ, ಸುತ್ತಲಿನ ಮನೆಗಳ ಕೆಮ್ಮಿನ ಲೆಕ್ಕ ಹಿಡಿದು ಎರಡೂ ಕಡೆಯವರನ್ನು ಒಂದು ಮೇಜಿನ ಬಳಿ ಕೂರಿಸಲು ಒಬ್ಬರಾದರೂ ಅಲ್ಲಿರುತ್ತಾರೆ.